ಹಸ್ತಿನಾವತಿಯ ಕಬ್ಬಿನ ಹಾಲು

2018ರ ಫೆಬ್ರವರಿ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಿತ್ತು. ಊರಿಂದ ಫೋನು ಮಾಡಿದವರೆಲ್ಲ ಅದೇ ಸುದ್ದಿ ಹೇಳುತ್ತಿದ್ದರು. ಚಿಕ್ಕೋಡಿ ಕಡೆಯ ನಮ್ಮ ಹಳ್ಳಿಯಿಂದ ಎರಡು ಬಸ್ಸು ಮಾಡಿಕೊಂಡು ಹೋಗಿದ್ದರಂತೆ. ಅವ್ವ ಮಾತ್ರ ಪೂರ್ವ ದೆಹಲಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತಿದ್ದಳು. ಅಪ್ಪ ತೀರಿಕೊಂಡ ಮೇಲೆ ದೀಪಾವಳಿ ಹೊತ್ತಿಗೆ ಅವಳನ್ನು ಕರೆದುಕೊಂಡು ಬಂದಿದ್ದೆ. ಬೆಳಗೊಳಕ್ಕೆ ಕರೆದೊಯ್ಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ರಜೆ ಸಿಗಲಿಲ್ಲ. ಅವ್ವ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದೇ ದೊಡ್ಡ ಮಾತು.

ಸಮಾಧಾನಕ್ಕೆಂದು ಹೇಳಿದೆ: "ಅವ್ವಾ, ಭಾನುವಾರ ಹಸ್ತಿನಾಪುರಕ್ಕೆ ಹೋಗೂಣು. ಇಲ್ಲಿಂದ ಮೂರು ತಾಸು. ಕೌರವರ ಊರು, ನೋಡಿ ಬರೂಣು."

"ಕೌರವರದಷ್ಟ ಏನೋ?" ಅಂದಳು ಅವ್ವ. "ಆದಿನಾಥ ಸ್ವಾಮಿ ಪಾರಣಿ ಮಾಡಿದ ಊರಲ್ಲೇನು ಅದು? ಶಾಂತಿನಾಥ ಹುಟ್ಟಿದ್ದು ಅಲ್ಲೇ. ನಿಮ್ಮಪ್ಪ ದಿನಾ ಬಸ್ತಿಯೊಳಗ ಹೆಸರು ತಗೋತಿದ್ದರು."

ನಾಚಿಕೆಯಾಯಿತು. ಕಾಲೇಜಿನಲ್ಲಿ ಪಂಪ, ರನ್ನರನ್ನು ಓದಿದವನು ನಾನು. ಅವ್ವ ನಾಲ್ಕನೇ ಇಯತ್ತೆ.

ಹೊರಡುವ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಅವ್ವ ಸೂರ್ಯ ಮುಳುಗಿದ ಮೇಲೆ ಉಣ್ಣುವವಳಲ್ಲ. ಊರಲ್ಲಿ ಅದೊಂದು ಸಮಸ್ಯೆಯೇ ಅಲ್ಲ. ಇಡೀ ಓಣಿ ಐದೂವರೆ ಆರಕ್ಕೆ ಊಟ ಮುಗಿಸುತ್ತದೆ. ದೆಹಲಿಯಲ್ಲಿ ನಾನು, ಹೆಂಡತಿ ಇಬ್ಬರೂ ಮನೆ ಸೇರುವುದು ಎಂಟಕ್ಕೆ. ಮಗ ಟ್ಯೂಷನ್ ಮುಗಿಸಿ ಬರುವುದು ಒಂಬತ್ತಕ್ಕೆ. ಅವ್ವನಿಗೆ ಬೇರೆ ಕೋಣೆ ಕೊಟ್ಟಿದ್ದೆವು, ಹೀಟರ್ ಕೊಟ್ಟಿದ್ದೆವು, ಕನ್ನಡ ಚಾನೆಲ್ಲು ಬರುವಂತೆ ಟಿವಿ ಹಾಕಿಸಿದ್ದೆವು. ಅವಳು ಐದು ಗಂಟೆಗೆ ತನಗೆ ತಾನೇ ಎರಡು ಭಕ್ಕರಿ ಬಡಿದುಕೊಂಡು, ಒಬ್ಬಳೇ ಉಂಡು, ಗಂಗಾಳ ತೊಳೆದಿಟ್ಟು ಕೂತಿರುತ್ತಿದ್ದಳು. ನಾಲ್ಕು ತಿಂಗಳಲ್ಲಿ ಬಹಳ ಸೊರಗಿದ್ದಳು. ಡಾಕ್ಟರು ಏನೂ ಇಲ್ಲ ಅಂದಿದ್ದರು.

ಭಾನುವಾರ ನಸುಕಿನಲ್ಲೇ ಹೊರಟೆವು. ಈಗಿನ ಮೀರತ್ ಎಕ್ಸ್‌ಪ್ರೆಸ್ ರಸ್ತೆ ಪೂರ್ತಿಯಾದದ್ದು 2021ರಲ್ಲಿ. ಆಗ ಗಾಜಿಯಾಬಾದ್, ಮೋದಿನಗರದ ಗದ್ದಲದಲ್ಲಿ ನುಸುಳಿಕೊಂಡೇ ಹೋಗಬೇಕಿತ್ತು. ಮೀರತ್ ದಾಟಿ ಮವಾನಾ ದಾರಿ ಹಿಡಿದರೆ ಎರಡೂ ಕಡೆ ಕಬ್ಬು. ಗಾಡಿ ತುಂಬ ಕಬ್ಬು, ಟ್ರ್ಯಾಕ್ಟರಿನ ಹಿಂದೆ ಟ್ರ್ಯಾಕ್ಟರು, ಬೆಲ್ಲದ ಗಾಣದ ಹೊಗೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವ್ವ ಕಿಟಕಿಗೆ ಮುಖ ಹಚ್ಚಿ ಕೂತಳು.

"ಕಬ್ಬು ತೆಳ್ಳಗೈತಿ ನೋಡು. ನಮ್ಮ ಕೃಷ್ಣಾ ದಂಡಿ ಮ್ಯಾಗಿನಂಗಿಲ್ಲ. ಇಲ್ಲಿ ಥಂಡಿ ಭಾಳ, ಬೆಳೀಲಿಕ್ಕೆ ಬಿಡೂದಿಲ್ಲ" ಅಂದಳು. ಊರಲ್ಲಿ ನಮ್ಮ ನಾಲ್ಕು ಎಕರೆ ಕಬ್ಬಿದೆ. ಅಪ್ಪ ಹೋದಮೇಲೆ ಪಾಲಿಗೆ ಹಾಕಿದ್ದೇವೆ. ಮಾರಿಬಿಡೋಣವೇ ಎಂಬ ಮಾತು ನನ್ನ ಬಾಯಲ್ಲಿತ್ತು, ಆಡಿರಲಿಲ್ಲ.

ಹಸ್ತಿನಾಪುರ ಅಂದಕೂಡಲೇ ಊರಲ್ಲಿರುವ ನಿಮಗೆ ಕೋಟೆ, ಅರಮನೆ, ಧೃತರಾಷ್ಟ್ರನ ಸಿಂಹಾಸನ ಕಣ್ಣಿಗೆ ಬರಬಹುದು. ನನಗೂ ಹಾಗೇ ಇತ್ತು. ಅಲ್ಲಿರುವುದು ಒಂದು ಸಣ್ಣ ಪೇಟೆ. ಈಗಿನ ಊರು ಕಟ್ಟಿದ್ದು 1949ರಲ್ಲಿ. ದೇಶ ಒಡೆದಾಗ ಮನೆಮಠ ಬಿಟ್ಟು ಬಂದವರಿಗೆ ನೆಲೆ ಕೊಡಲೆಂದು ನೆಹರೂ ಕಾಲದಲ್ಲಿ ಎಬ್ಬಿಸಿದ ಊರದು. ಅಂದರೆ ಇವತ್ತಿನ ಹಸ್ತಿನಾಪುರವೂ ಪರಊರಿಂದ ಬಂದವರದೇ.

ಪೇಟೆಯ ಪಕ್ಕದಲ್ಲಿ ಹಳೆಯ ದಿಬ್ಬವಿದೆ, ಉಲ್ಟಾ ಖೇಡಾ ಅನ್ನುತ್ತಾರೆ. ಪುರಾತತ್ವ ಇಲಾಖೆಯ ಬಿ.ಬಿ. ಲಾಲ್ 1950ರಿಂದ 52ರವರೆಗೆ ಅಲ್ಲಿ ಅಗೆಸಿದರು. ಬೂದುಬಣ್ಣದ ಮೇಲೆ ಕಪ್ಪು ಗೆರೆ ಎಳೆದ ಮಡಕೆಚೂರುಗಳು ಸಿಕ್ಕವು. ಅದರ ಮೇಲೆ ಗಂಗೆಯ ಪ್ರವಾಹ ಊರನ್ನು ಕೊಚ್ಚಿದ ಗುರುತು ಸಿಕ್ಕಿತು. ನಿಚಕ್ಷು ಎಂಬ ರಾಜನ ಕಾಲಕ್ಕೆ ಗಂಗೆ ಹಸ್ತಿನಾಪುರವನ್ನು ನುಂಗಿದಳು, ಅವನು ರಾಜಧಾನಿಯನ್ನು ಕೌಶಾಂಬಿಗೆ ಒಯ್ದ ಎಂದು ಪುರಾಣಗಳು ಹೇಳುತ್ತವೆ. ಲಾಲ್ ಈ ಎರಡನ್ನೂ ಹೊಂದಿಸಿ ನೋಡಿದರು. ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಮಡಕೆಯ ಚೂರು ತನ್ನಲ್ಲಿ ಉಂಡವರ ಹೆಸರು ಹೇಳುವುದಿಲ್ಲ ನೋಡಿ. ಪ್ರವಾಹ ಬಂದದ್ದಂತೂ ನಿಜ. ಗಂಗೆ ಈಗ ಪಾತ್ರ ಬದಲಿಸಿ ದೂರ ಹೋಗಿದ್ದಾಳೆ. ಊರ ಬಳಿ ಉಳಿದದ್ದು ಬೂಢಿ ಗಂಗಾ, ಮುದಿ ಗಂಗೆ. 2022ರಲ್ಲಿ ಇಲಾಖೆಯವರು ಮತ್ತೆ ಅಗೆತ ಕೈಗೊಂಡರು.

ಅರಮನೆ ಮುಳುಗಿತು, ರಾಜರು ಗಂಟುಮೂಟೆ ಕಟ್ಟಿದರು. ಆದರೂ ಊರಿನ ಹೆಸರು ಉಳಿಯಿತಲ್ಲ, ಅದನ್ನು ಉಳಿಸಿದವರಲ್ಲಿ ಯಾತ್ರಿಕರೂ ಸೇರಿದ್ದಾರೆ. ಜೈನರಿಗೆ ಇದು ಹದಿನಾರನೆಯ ಶಾಂತಿನಾಥ, ಹದಿನೇಳನೆಯ ಕುಂಥುನಾಥ, ಹದಿನೆಂಟನೆಯ ಅರನಾಥ ಈ ಮೂವರು ತೀರ್ಥಂಕರರು ಹುಟ್ಟಿದ ಊರು. ಮೂವರೂ ಮೊದಲು ಚಕ್ರವರ್ತಿಗಳಾಗಿದ್ದು, ಆಮೇಲೆ ಎಲ್ಲವನ್ನೂ ಬಿಟ್ಟು ನಡೆದವರು. ಹದಿನಾಲ್ಕನೇ ಶತಮಾನದಲ್ಲಿ ಜಿನಪ್ರಭಸೂರಿ ತಮ್ಮ 'ವಿವಿಧ ತೀರ್ಥಕಲ್ಪ'ದಲ್ಲಿ ಈ ಕ್ಷೇತ್ರದ ಬಗ್ಗೆ ಬರೆದಿದ್ದಾರೆ. ವ್ಯಾಪಾರಿಯೂ ಕವಿಯೂ ಆಗಿದ್ದ ಬನಾರಸೀದಾಸ್ 1641ರಲ್ಲಿ ಮುಗಿಸಿದ ತನ್ನ ಆತ್ಮಕಥೆ 'ಅರ್ಧಕಥಾನಕ'ದಲ್ಲಿ ಇಲ್ಲಿಗೆ ಯಾತ್ರೆ ಬಂದದ್ದನ್ನು ಹೇಳುತ್ತಾನೆ. ಈಗ ಬಡಾ ಮಂದಿರ ಎಂದು ಕರೆಯುವ ದಿಗಂಬರ ದೇವಾಲಯವಾದದ್ದು 1801ರಲ್ಲಿ. ಕಟ್ಟಿಸಿದವರು ಎರಡನೇ ಷಾ ಆಲಂ ಬಾದಶಹನ ಖಜಾಂಚಿ ರಾಜಾ ಹರಸುಖ ರಾಯ್. ಅಲ್ಲಿ ಮೂಲನಾಯಕ ಶಾಂತಿನಾಥ. ಅವ್ವ ಎದುರಿಗೆ ಕೂತು ಕಣ್ಣುಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡಳು. ಪಕ್ಕದಲ್ಲಿದ್ದ ಮೀರತ್ ಕಡೆಯ ಹೆಂಗಸು ಅದೇ ಮಂತ್ರ ಹೇಳುತ್ತಿದ್ದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಮಂತ್ರ ಮಾತ್ರ ಕೂಡಿಯೇ ಮುಗಿಯಿತು.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಇಷ್ಟು. ನಮ್ಮ ರತ್ನತ್ರಯರಲ್ಲಿ ಹಸ್ತಿನಾವತಿಗೆ ಬಾರದೆ ಉಳಿದವರು ಒಬ್ಬರೂ ಇಲ್ಲ. ಕಾಲಿನಿಂದಲ್ಲ, ಕಾವ್ಯದಿಂದ. ಪಂಪ 941ರಲ್ಲಿ 'ಆದಿಪುರಾಣ' ಮುಗಿಸಿದ. ಆದಿನಾಥನ ಪಾರಣೆ ಇದೇ ಊರಲ್ಲಿ. ಅವನ 'ವಿಕ್ರಮಾರ್ಜುನ ವಿಜಯ'ದಲ್ಲಂತೂ ಇದು ಕುರುರಾಜಧಾನಿ. ಒಂದು ಕೈಯಲ್ಲಿ ಜೈನರ ಹಸ್ತಿನಾಪುರ, ಇನ್ನೊಂದರಲ್ಲಿ ಭಾರತದ ಹಸ್ತಿನಾಪುರ, ಎರಡನ್ನೂ ಒಬ್ಬನೇ ಕವಿ ಬರೆದ. ಪೊನ್ನನ 'ಶಾಂತಿಪುರಾಣ' ಇದೇ ಊರಿನ ಶಾಂತಿನಾಥನ ಕಥೆ. ದಾನಚಿಂತಾಮಣಿ ಅತ್ತಿಮಬ್ಬೆ ಆ ಕಾವ್ಯದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬುದು ಕನ್ನಡದ ಮಕ್ಕಳೆಲ್ಲ ಓದಿದ ಸಂಗತಿ. ಮುದ್ದಣ, ಮುದ್ರಣಾಲಯ ಏನೂ ಇಲ್ಲದ ಕಾಲದಲ್ಲಿ ಓಲೆಗರಿಯ ಮೇಲೆ ಸಾವಿರ ಸಲ ಹಸ್ತಿನಾಪುರದ ಹೆಸರು ಕನ್ನಡದಲ್ಲಿ ಕೊರೆಯಲ್ಪಟ್ಟಿತು! ಮುಧೋಳದ ರನ್ನನ 'ಗದಾಯುದ್ಧ'ದ ದುರ್ಯೋಧನ ಈ ಊರಿನ ದೊರೆ. ಇಷ್ಟಿದ್ದೂ ನಾನು ಹತ್ತೊಂಬತ್ತು ವರ್ಷ ಇದರಿಂದ ನೂರಾಹತ್ತು ಕಿಲೋಮೀಟರು ದೂರದಲ್ಲಿದ್ದು, ಇದು ಉತ್ತರದವರ ಊರು, ನಮಗೇನು ಸಂಬಂಧ ಎಂದುಕೊಂಡಿದ್ದೆ.

ಬಡಾ ಮಂದಿರದಿಂದ ಸ್ವಲ್ಪ ದೂರಕ್ಕೆ ಜಂಬೂದ್ವೀಪ. ಹೊಸ ಹಸ್ತಿನಾಪುರಕ್ಕೆ ಹೆಸರು ತಂದದ್ದು ಇದು. ಇದರ ಕಥೆ ಮತ್ತೆ ನಮ್ಮ ನಾಡಿನಿಂದಲೇ ಶುರುವಾಗುತ್ತದೆ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಟಿಕೈತನಗರದಲ್ಲಿ 1934ರಲ್ಲಿ ಹುಟ್ಟಿದ ಜ್ಞಾನಮತಿ ಮಾತಾಜಿ 1965ರ ಚಾತುರ್ಮಾಸಕ್ಕೆ ಶ್ರವಣಬೆಳಗೊಳದಲ್ಲಿದ್ದರು. ಅಲ್ಲಿ ಬಾಹುಬಲಿಯ ಸನ್ನಿಧಿಯಲ್ಲಿ ಧ್ಯಾನಕ್ಕೆ ಕೂತಾಗ ಮೇರು ಪರ್ವತ, ಜಂಬೂದ್ವೀಪದ ರಚನೆ ಮನಸ್ಸಿಗೆ ಕಂಡಿತಂತೆ. ಅದನ್ನು ನೆಲದ ಮೇಲೆ ಕಟ್ಟಬೇಕೆಂದುಕೊಂಡರು. ಜಾಗ ಸಿಕ್ಕಿದ್ದು ಹಸ್ತಿನಾಪುರದಲ್ಲಿ. 1979ರಲ್ಲಿ ಸುಮೇರು ಪೂರ್ತಿಯಾಯಿತು. 1982ರ ಜೂನ್‌ನಲ್ಲಿ ಇಂದಿರಾ ಗಾಂಧಿ ದೆಹಲಿಯ ಕೆಂಪುಕೋಟೆಯಿಂದ ಜಂಬೂದ್ವೀಪ ಜ್ಞಾನಜ್ಯೋತಿ ರಥವನ್ನು ಬೀಳ್ಕೊಟ್ಟರು. ಅದು ದೇಶ ಸುತ್ತಿತು. 1985ರಲ್ಲಿ ಜಂಬೂದ್ವೀಪದ ಪ್ರತಿಷ್ಠೆಯಾಯಿತು.

ಇನ್ನೂ ಹಿಂದಕ್ಕೆ ಹೋದರೆ ದಾರಿ ನನ್ನ ತಾಲೂಕಿಗೇ ಬರುತ್ತದೆ. ಮಾತಾಜಿಯವರಿಗೆ 1953ರಲ್ಲಿ ಕ್ಷುಲ್ಲಿಕಾ ದೀಕ್ಷೆ ಕೊಟ್ಟವರು ಆಚಾರ್ಯ ದೇಶಭೂಷಣರು, ಚಿಕ್ಕೋಡಿ ಹತ್ತಿರದ ಕೋಥಳಿಯವರು. 1956ರಲ್ಲಿ ಆರ್ಯಿಕಾ ದೀಕ್ಷೆ ಕೊಟ್ಟ ಆಚಾರ್ಯ ವೀರಸಾಗರರ ಗುರುಗಳು ಚಾರಿತ್ರಚಕ್ರವರ್ತಿ ಶಾಂತಿಸಾಗರರು. ಅವರು ದೂಧಗಂಗಾ ವೇದಗಂಗಾ ಕೂಡುವ ಭೋಜ ಗ್ರಾಮದ ಒಕ್ಕಲಿನ ಮನೆಯವರು. ಹುಟ್ಟಿದ್ದು 1872ರಲ್ಲಿ, ಕುಂಥಲಗಿರಿಯಲ್ಲಿ ಸಲ್ಲೇಖನ ತಗೊಂಡು ಹೋದದ್ದು 1955ರಲ್ಲಿ. ಉತ್ತರದಲ್ಲಿ ದಿಗಂಬರ ಮುನಿಗಳ ಓಡಾಟವೇ ಅಪರೂಪವಾಗಿದ್ದ ಕಾಲದಲ್ಲಿ, 1920ರ ದಶಕದ ಕೊನೆಗೆ ಅವರು ದಕ್ಷಿಣದಿಂದ ಹೊರಟು ಸಮ್ಮೇದ ಶಿಖರದವರೆಗೆ ಕಾಲ್ನಡಿಗೆಯಲ್ಲಿ ಹೋದರು, ದೆಹಲಿಗೂ ಬಂದರು. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ ಬಿಟ್ಟರೆ ಏನಿಲ್ಲ. ನಾವು ಸೂಟ್‌ಕೇಸು ಹಿಡಿದು ಗೋವಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಬಂದವರು. ನಮಗಿಂತ ಮೊದಲೇ ನಮ್ಮೂರ ಕಡೆಯವರು ನಡೆದೇ ಬಂದಿದ್ದರು.

ಇನ್ನು ಜಂಬೂದ್ವೀಪ ನೋಡಲು ಹೇಗಿದೆ? 250 ಅಡಿ ಅಡ್ಡಳತೆಯ ಒಂದು ದೊಡ್ಡ ವರ್ತುಲ. ಸುತ್ತ ಲವಣಸಮುದ್ರ ಅಂದರೆ ನೀರಿನ ಕಾಲುವೆ. ಅದರಲ್ಲಿ ದೋಣಿ ಬಿಟ್ಟಿದ್ದಾರೆ. ನಡುವೆ 101 ಅಡಿಯ ಸುಮೇರು, ಅದರ ನಾಲ್ಕು ವನಗಳಲ್ಲಿ ನಾಲ್ಕು ದಿಕ್ಕಿಗೂ ಒಂದೊಂದರಂತೆ ಹದಿನಾರು ಜಿನಾಲಯ. ಮೇರುವಿನ ಹೊಟ್ಟೆಯೊಳಗಿಂದ 136 ಮೆಟ್ಟಿಲು ಹತ್ತಿದರೆ ತುದಿ. ಆಚೀಚೆ ಹಿಮವಾನ್, ಮಹಾಹಿಮವಾನ್, ನಿಷಧ, ನೀಲ, ರುಕ್ಮಿ, ಶಿಖರಿ ಎಂಬ ಆರು ಪರ್ವತ, ಅವುಗಳ ನಡುವೆ ಏಳು ಕ್ಷೇತ್ರ. ಊರ ಬಸ್ತಿಯ ಗೋಡೆಗೆ ತೂಗುಹಾಕಿದ್ದ ಹಳೆಯ ಪಟ ಎದ್ದು ನಿಂತಂತೆ. ಹತ್ತಿರದಲ್ಲೇ ಕಮಲದ ಆಕಾರದ ಮಹಾವೀರ ಮಂದಿರ. 2010ರಲ್ಲಿ ಪ್ರತಿಷ್ಠೆಯಾದ ಶಾಂತಿ, ಕುಂಥು, ಅರನಾಥರ 31 ಅಡಿಯ ಮೂರು ಮೂರ್ತಿಗಳು. ಊರಿನ ಇನ್ನೊಂದು ಕಡೆ 2006ರಲ್ಲಿ ಪ್ರತಿಷ್ಠೆಯಾದ 131 ಅಡಿಯ ಕೈಲಾಸ ಪರ್ವತ. ಶ್ವೇತಾಂಬರರ 151 ಅಡಿಯ ಅಷ್ಟಾಪದ 2009ರದು. ಮುಳುಗಿದ ಊರಲ್ಲಿ ಈಗ ಎತ್ತರಕ್ಕೆ ಪೈಪೋಟಿ.

ನಿಜ ಹೇಳಬೇಕೆಂದರೆ ನನಗೆ ಮೊದಲು ಕಸಿವಿಸಿಯಾಯಿತು. ಬಣ್ಣದ ದೀಪ, ದೋಣಿ, ಫೋಟೋ ತೆಗೆಸುವವರ ಗದ್ದಲ, ಇದು ತೀರ್ಥವೋ ಉದ್ಯಾನವೋ? ಭೂಗೋಳ ಓದಿದ ಮಗ ಕೇಳಿಯೇಬಿಟ್ಟ: "ಪಪ್ಪಾ, ಇದು ಯಾವ ಮ್ಯಾಪು? ಇದರಲ್ಲಿ ಆಫ್ರಿಕಾ ಎಲ್ಲಿದೆ?" ಉತ್ತರ ಕೊಡುವುದು ಕಷ್ಟವಿತ್ತು. ಶಾಸ್ತ್ರದ ಲೆಕ್ಕ ಹೇಳಿದೆ. ಜಂಬೂದ್ವೀಪ ಒಂದು ಲಕ್ಷ ಯೋಜನ ಅಗಲ. ಅದರಲ್ಲಿ ನಾವಿರುವ ಭರತಕ್ಷೇತ್ರ ದಕ್ಷಿಣದ ಅಂಚಿನಲ್ಲಿ ಬಿಲ್ಲಿನಂತೆ ಬಾಗಿದ ಒಂದು ತುಣುಕು, ನೂರಾತೊಂಬತ್ತರಲ್ಲಿ ಒಂದು ಪಾಲು, 526 ಯೋಜನಕ್ಕೆ ಸ್ವಲ್ಪ ಮೇಲೆ. 250 ಅಡಿಯಲ್ಲಿ ಆ ಲೆಕ್ಕ ಹಿಡಿದರೆ ನಮ್ಮ ಪಾಲಿಗೆ ಬರುವುದು ಒಂದು ಅಡಿ ನಾಲ್ಕು ಅಂಗುಲ. ಮಗ ಕೈಯಗಲಿಸಿ ಅಳತೆ ಮಾಡಿ ನಕ್ಕ.

ಮೊಣಕಾಲು ನೋವಿನ ಅವ್ವ ಮೇರು ಹತ್ತಲಿಲ್ಲ. ಕೆಳಗೆ ಭರತಕ್ಷೇತ್ರದ ಅಂಚಿಗೆ ನಿಂತು ಬಗ್ಗಿ ನೋಡಿದಳು.

"ನಮ್ಮ ಊರು ಎಲ್ಲಿ ಬರ್ತೈತೋ ಇದರಾಗ?"

"ಇಲ್ಲೇ ಎಲ್ಲೋ ಅವ್ವಾ."

"ದಿಲ್ಲಿ?"

"ಅದೂ ಇಲ್ಲೇ."

"ಹಂಗಾದ್ರ ಭಾಳ ದೂರ ಇಲ್ಲ ತಗೀ" ಅಂದಳು. ಆಮೇಲೆ ನಾನು ಉದ್ಯಾನವೋ ತೀರ್ಥವೋ ಎಂದು ತಲೆಕೆಡಿಸಿಕೊಳ್ಳಲಿಲ್ಲ. ಆ ನಕಾಶೆ ಆಫ್ರಿಕಾ ಹುಡುಕಲು ಬರೆದದ್ದಲ್ಲ. ಮನುಷ್ಯ ತನ್ನ ಜಾಗ ಎಷ್ಟು ಸಣ್ಣದು ಅಂತ ತಿಳಿಯಲು ಬರೆದದ್ದು.

ಮಧ್ಯಾಹ್ನ ಮರದ ನೆರಳಲ್ಲಿ ಕೂತಾಗ ಮೊಮ್ಮಗ "ಆಯೀ, ಪಾರಣಿ ಅಂದ್ರೇನು?" ಅಂತ ಕೇಳಿದ. ಅವ್ವ ತನ್ನ ಭಾಷೆಯಲ್ಲಿ ಹೇಳಿದಳು, ಅವನಿಗೆ ತಿಳಿಯದ ಕಡೆ ನಾನು ಹಿಂದಿಯಲ್ಲಿ ಸೇರಿಸಿದೆ. ಆದಿನಾಥ ಸ್ವಾಮಿ ದೀಕ್ಷೆ ತಗೊಂಡು ಆರು ತಿಂಗಳು ಅನ್ನ ನೀರು ಬಿಟ್ಟು ನಿಂತರು. ಆಮೇಲೆ ಆಹಾರಕ್ಕೆಂದು ಊರೂರು ತಿರುಗಿದರು. ಮುನಿಗೆ ಹೇಗೆ ಉಣಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಅವರಿಗಿಂತ ಮೊದಲು ಮುನಿಯೇ ಇರಲಿಲ್ಲವಲ್ಲ! ಜನ ಪ್ರೀತಿಯಿಂದಲೇ ಬಂದರು. ಒಬ್ಬ ರತ್ನ ತಂದ, ಒಬ್ಬ ಆನೆ ಕುದುರೆ ತಂದ, ಒಬ್ಬ ಪಟ್ಟೆವಸ್ತ್ರ ತಂದ. ಸ್ವಾಮಿ ಮಾತಾಡದೆ ಮುಂದೆ ನಡೆದರು. ಹಾಗೆ ವರ್ಷವೇ ಕಳೆಯಿತು. ಕೊನೆಗೆ ಹಸ್ತಿನಾಪುರಕ್ಕೆ ಬಂದಾಗ ರಾಜ ಸೋಮಪ್ರಭನ ತಮ್ಮ ಶ್ರೇಯಾಂಸ ಅವರನ್ನು ಕಂಡ. ಕಂಡಕೂಡಲೇ ಅವನಿಗೆ ಹಿಂದಿನ ಜನ್ಮದ ನೆನಪಾಯಿತು. ಎಂದೋ ಒಮ್ಮೆ ತಾವಿಬ್ಬರೂ ಕೂಡಿ ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಯಿತು. ಕರೆದ, ನಮಸ್ಕರಿಸಿದ, ಸ್ವಾಮಿಯ ಅಂಗೈ ಬೊಗಸೆಗೆ ಕಬ್ಬಿನ ಹಾಲು ಎರೆದ. ಅದೇ ಅಕ್ಷಯ ತೃತೀಯಾ. ಈಗಲೂ ಆ ದಿನ ವರ್ಷವಿಡೀ ಉಪವಾಸದ ವ್ರತ ಮಾಡಿದವರು ದೇಶದ ಮೂಲೆಮೂಲೆಯಿಂದ ಹಸ್ತಿನಾಪುರಕ್ಕೆ ಬಂದು ಕಬ್ಬಿನ ಹಾಲಿನಿಂದ ಪಾರಣೆ ಮಾಡುತ್ತಾರೆ.

ಪಂಪನನ್ನು ಓದಿದವರಿಗೆ ಆ ಹಿಂದಿನ ಜನ್ಮ ಯಾವುದೆಂದು ಗೊತ್ತು. ಶ್ರೀಮತಿ, ವಜ್ರಜಂಘ. ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ತೋಳಲ್ಲಿ ತೋಳಿಟ್ಟು ಸತ್ತ ಆ ದಂಪತಿಗಳು. ಆ ವಜ್ರಜಂಘನೇ ಜನ್ಮಗಳು ದಾಟಿ ಆದಿನಾಥನಾದ, ಆ ಶ್ರೀಮತಿಯೇ ಶ್ರೇಯಾಂಸನಾದಳು. ಬಿ.ಎ. ತರಗತಿಯಲ್ಲಿ ಆ ಸಾವಿನ ಪ್ರಸಂಗ ಮಾತ್ರ ನಮಗೆ ಪಠ್ಯವಾಗಿತ್ತು. ಅದು ಹಸ್ತಿನಾಪುರದ ಒಂದು ಬೊಗಸೆ ಕಬ್ಬಿನ ಹಾಲಿಗೆ ಬಂದು ಮುಟ್ಟುತ್ತದೆಂದು ಯೋಚಿಸಿರಲಿಲ್ಲ.

ಕಥೆ ಮುಗಿಸಿ ಅವ್ವ ಸುಮ್ಮನಾದಳು. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ರತ್ನ, ಆನೆ, ಕುದುರೆ. ಹೀಟರು, ಟಿವಿ, ಬೇರೆ ಕೋಣೆ.

ಸಂಜೆ ಐದಕ್ಕೆ ಹೊರಡಬೇಕಿತ್ತು, ಟ್ರಾಫಿಕ್ಕಿನ ಭಯ. ಅಲ್ಲಿನ ಭೋಜನಶಾಲೆಯಲ್ಲಿ ಊಟದ ಗಂಟೆ ಬಾರಿಸಿದರು. ಉಂಡೇ ಹೋಗೋಣ ಅಂದೆ. ರೊಟ್ಟಿ, ಬೇಳೆ, ಕುಂಬಳಕಾಯಿ ಪಲ್ಲೆ, ಅನ್ನ. ಗಡ್ಡೆಗೆಣಸು ಇಲ್ಲದ ಸಾದಾ ಊಟ. ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಹೊರಗೆ ಇನ್ನೂ ಬಿಸಿಲಿತ್ತು. ಅವ್ವ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಹೆಂಡತಿ ನನ್ನ ಮುಖ ನೋಡಿದಳು. ಅವ್ವ ನಾಲ್ಕು ತಿಂಗಳಲ್ಲಿ ನಮ್ಮ ಜೊತೆ ಕೂತು ಸಂಜೆ ಊಟ ಮಾಡಿದ್ದು ಅವತ್ತೇ ಮೊದಲು ಅಂತ ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ದಾರಿಯಲ್ಲಿ ಒಂದು ಗಾಣದ ಮುಂದೆ ಕಾರು ನಿಲ್ಲಿಸಿದೆ. ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಇತ್ತು. ಅವ್ವ ಒಂದು ಲೋಟ ಕಬ್ಬಿನ ಹಾಲು ಕುಡಿದು, "ಸಿಹಿ ಐತಿ. ತೆಳ್ಳಗಿದ್ರೂ ಸಿಹಿ ಐತಿ" ಅಂದಳು. ಗಾಣದವನಿಗೆ ಅದನ್ನು ಹಿಂದಿಯಲ್ಲಿ ಹೇಳು ಅಂತ ನನಗೆ ತಾಕೀತು ಮಾಡಿದಳು. ಹೇಳಿದೆ.

ಅವ್ವ ದೆಹಲಿಯಲ್ಲಿ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಊರಿಗೆ ಹೊರಟಳು. "ಹೊಲ ಮಾರಬ್ಯಾಡ" ಅಂದಳು, ನಾನು ಮಾತೇ ಎತ್ತದಿದ್ದರೂ. ಮಾರಲಿಲ್ಲ. ಆದರೆ ಉಳಿದ ಆ ಎರಡು ತಿಂಗಳು, ಶನಿವಾರ ಭಾನುವಾರ ನಮ್ಮ ಮನೆಯಲ್ಲಿ ಸಂಜೆ ಐದೂವರೆಗೇ ತಾಟು ಹಾಕುತ್ತಿದ್ದೆವು. ಅವಳು ಹೋದ ಮೇಲೂ ಭಾನುವಾರದ ಆ ಊಟ ಬಿಟ್ಟಿಲ್ಲ. ಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಮುಂದಿನದಕ್ಕೆ ರಜೆ ಸಿಗಲಿ ಬಿಡಲಿ, ಅವ್ವನನ್ನು ಕರೆದುಕೊಂಡು ಹೋಗುವವನೇ.